ಅಶ್ರುವಾಯು ಅನ್ನೋದು ವಾಯುವೇ ಅಲ್ಲ!

‘ಗುಂಪು ಚದುರಿಸಲು ಪೊಲೀಸರಿಂದ ಅಶ್ರುವಾಯು ಪ್ರಯೋಗ.’ ಸುದ್ದಿ ಓದೋ ನನ್ನಂಥವನ ಬಾಯಲ್ಲಿ ಈ ಸಾಲು ಎಷ್ಟು ಸಲ ಬಂದಿದೆಯೋ ಲೆಕ್ಕ ಇಟ್ಟವರಿಲ್ಲ. ಪರದೆಯ ಮೇಲೆ ಬಿಳಿ ಹೊಗೆ, ಓಡುವ ಜನ, ಕಣ್ಣು ಒರೆಸಿಕೊಳ್ಳುವ ಪೇದೆ. ಹತ್ತು ಸೆಕೆಂಡಿನ ದೃಶ್ಯ. ಅಲ್ಲಿಗೆ ಸುದ್ದಿ ಮುಗೀತು. ಹೊಗೆ ಮಾತ್ರ ಮುಗಿಯೋದಿಲ್ಲ. ಅದು ಕ್ಯಾಮೆರಾ ಹೋದಮೇಲೂ ಅದೇ ಬೀದಿಯಲ್ಲಿ, ಅದೇ ಮನೆಯ ಕಿಟಕಿಯಲ್ಲಿ, ಅದೇ ಮಗುವಿನ ಹಾಸಿಗೆಯಲ್ಲಿ ಇರುತ್ತೆ.

2026ರ ಜನವರಿ 1. ಹೊಸ ವರ್ಷದ ಮೊದಲ ದಿನವೇ ಬಳ್ಳಾರಿಯ ಹವಂಭಾವಿಯಲ್ಲಿ ಗಲಾಟೆ ಆಯ್ತು. ಮಹರ್ಷಿ ವಾಲ್ಮೀಕಿ ಪುತ್ಥಳಿ ಅನಾವರಣದ ಬ್ಯಾನರ್ ಕಟ್ಟುವ ವಿಚಾರಕ್ಕೆ ಎರಡು ಬಣ ಬೀದಿಗಿಳಿದವು. ಲಾಠಿ ಬೀಸಿತು, ಅಶ್ರುವಾಯು ಸಿಡಿಯಿತು, ಗುಂಡೂ ಹಾರಿತು. ಒಬ್ಬ ಯುವಕ ಜೀವ ಬಿಟ್ಟ. ಯಾರು ಸರಿ, ಯಾರು ತಪ್ಪು, ಗುಂಡು ಯಾರದ್ದು ಅನ್ನೋದನ್ನ ಎಲ್ಲ ಚಾನೆಲ್‌ಗಳೂ ದಿನಗಟ್ಟಲೆ ಚರ್ಚೆ ಮಾಡಿದವು. ಅದು ಆಗಬೇಕಾದ ಚರ್ಚೆಯೇ. ಆದರೆ ನಾನಿವತ್ತು ಆ ರಾಜಕೀಯದ ಬಗ್ಗೆ ಮಾತಾಡೋದಿಲ್ಲ. ಆ ಬಿಳಿ ಹೊಗೆಯ ಬಗ್ಗೆ ಮಾತಾಡ್ತೀನಿ. ಯಾಕಂದ್ರೆ ಗಲಾಟೆಗೆ ಬಂದವನಿಗೂ, ಗಲಾಟೆ ಎಂದರೇನು ಅಂತ ಗೊತ್ತಿಲ್ಲದ ಅಜ್ಜಿಗೂ ಸಮವಾಗಿ ಸಿಗೋದು ಅದೊಂದೇ. ಲಾಠಿಗೆ ಗುರಿ ಇದೆ. ಹೊಗೆಗೆ ಗುರಿ ಇಲ್ಲ.

ಮೊದಲು ಒಂದು ವಿಷಯ ಸ್ಪಷ್ಟ ಮಾಡಿಕೊಳ್ಳೋಣ. ಅಶ್ರುವಾಯು ಅನ್ನೋದು ವಾಯುವೇ ಅಲ್ಲ. ಹೆಸರಷ್ಟೇ ವಾಯು. ಅದು ಪುಡಿ. ಸಾಮಾನ್ಯ ಬಿಸಿಯಲ್ಲಿ ಅದು ಬಿಳಿ ಹರಳಿನ ಥರದ ಘನ ವಸ್ತು. ಅದಕ್ಕೆ ‘ಸಿಎಸ್’ ಅಂತ ಹೆಸರು. 1928ರಲ್ಲಿ ಅಮೆರಿಕದ ಕಾರ್ಸನ್ ಮತ್ತು ಸ್ಟೌಟನ್ ಅನ್ನೋ ಇಬ್ಬರು ರಸಾಯನಶಾಸ್ತ್ರಜ್ಞರು ತಯಾರಿಸಿದ್ದು. ಇಬ್ಬರ ಹೆಸರಿನ ಮೊದಲ ಅಕ್ಷರ ಸೇರಿ ‘ಸಿಎಸ್’ ಆಯ್ತು, ಅಷ್ಟೇ. ಜಗತ್ತಿನ ಬಹುತೇಕ ಪೊಲೀಸರ ಕೈಯಲ್ಲಿರೋದು ಇದೇ ಪುಡಿ.

ಪುಡಿ ಕಣ್ಣಲ್ಲಿ ನೀರು ತರಿಸೋದು ಹೇಗೆ? ಬಳ್ಳಾರಿಯವರಿಗೆ ಇದನ್ನ ವಿವರಿಸೋದು ಬಹಳ ಸುಲಭ. ಕುರುಗೋಡು, ಸಿರುಗುಪ್ಪ ಕಡೆ ಮೆಣಸಿನಕಾಯಿ ಬೆಳೆಯೋರನ್ನ ಕೇಳಿ. ಕಣದಲ್ಲಿ ಒಣ ಮೆಣಸಿನಕಾಯಿ ತಿರುವಿ ಹಾಕುವಾಗ ಮೂಗು ಹೇಗೆ ಉರಿಯುತ್ತೆ, ಚೀಲ ಜಾಡಿಸುವಾಗ ಕೆಮ್ಮು ಹೇಗೆ ಒತ್ತಿಕೊಂಡು ಬರುತ್ತೆ ಅಂತ ಹೇಳ್ತಾರೆ. ಅಷ್ಟು ದೂರ ಯಾಕೆ, ಮನೆಯಲ್ಲಿ ಮಗುವಿಗೆ ದೃಷ್ಟಿ ತೆಗೆದು ಮೆಣಸಿನಕಾಯಿಯನ್ನ ಕೆಂಡಕ್ಕೆ ಹಾಕ್ತಾರಲ್ಲ, ಆಗ ಮನೆಯೆಲ್ಲ ತುಂಬೋ ಘಾಟು ನೆನಪಿಸಿಕೊಳ್ಳಿ. ಆ ಘಾಟು ನಮ್ಮ ಮನೆಯ ಅಶ್ರುವಾಯು. ಕೆಂಡ ಸಣ್ಣದು, ಮೆಣಸಿನಕಾಯಿ ನಾಲ್ಕು. ಇದೇ ಕೆಲಸವನ್ನ ಸಿಎಸ್ ಸಾವಿರ ಪಾಲು ಜೋರಾಗಿ ಮಾಡುತ್ತೆ ಅಂದುಕೊಳ್ಳಿ.

ನಮ್ಮ ಕಣ್ಣು, ಮೂಗು, ಗಂಟಲು, ಚರ್ಮದ ನರಗಳ ತುದಿಯಲ್ಲಿ ಸಣ್ಣ ಸಣ್ಣ ಬಾಗಿಲುಗಳಿವೆ. ಬೆಂಕಿ ತಾಗಿದಾಗ ‘ಉರಿ, ಉರಿ’ ಅಂತ ಮೆದುಳಿಗೆ ಸುದ್ದಿ ಕಳಿಸೋ ಬಾಗಿಲುಗಳು. ಮೆಣಸಿನಕಾಯಿಯಲ್ಲಿರೋ ಕ್ಯಾಪ್ಸೈಸಿನ್ ಅನ್ನೋ ವಸ್ತು ಬೆಂಕಿ ಇಲ್ಲದೆಯೇ ಅಂಥ ಒಂದು ಬಾಗಿಲನ್ನ ತೆರೆದುಬಿಡುತ್ತೆ. ಅದನ್ನ ಕಂಡುಹಿಡಿದ ಡೇವಿಡ್ ಜೂಲಿಯಸ್‌ಗೆ 2021ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ಸಿಎಸ್ ಪುಡಿ ಅದರ ಪಕ್ಕದ ಇನ್ನೊಂದು ಬಾಗಿಲನ್ನ ತೆರೆಯುತ್ತೆ. ಮೆದುಳು ಮೋಸ ಹೋಗುತ್ತೆ. ಕಣ್ಣು ಮುಚ್ಚಿಕೊಳ್ಳುತ್ತೆ, ನೀರು ಸುರಿಯುತ್ತೆ, ಮೂಗು ಸೋರುತ್ತೆ, ಎದೆ ಬಿಗಿಯುತ್ತೆ, ಉಸಿರಿನ ಕೊಳವೆ ಕುಗ್ಗುತ್ತೆ. ಮನುಷ್ಯ ಅಲ್ಲಿಂದ ಓಡ್ತಾನೆ. ಪೊಲೀಸರಿಗೆ ಬೇಕಾಗಿರೋದು ಅದೇ.

ಬಯಲಲ್ಲಿ, ಆರೋಗ್ಯವಂತ ಮನುಷ್ಯನಿಗೆ, ಓಡಿಹೋಗೋಕೆ ದಾರಿ ಇದ್ದಾಗ, ಸಾಮಾನ್ಯವಾಗಿ ಅರ್ಧ ಗಂಟೆ, ಒಂದು ಗಂಟೆಯಲ್ಲಿ ಇದು ಇಳಿಯುತ್ತೆ. ಇದು ನಿಜ. ಯಾರನ್ನೂ ಸುಮ್ಮನೆ ಹೆದರಿಸೋದು ನನ್ನ ಉದ್ದೇಶ ಅಲ್ಲ. ಆದರೆ ಈ ಮಾತಿನಲ್ಲಿ ಮೂರು ಷರತ್ತು ಇದೆ ನೋಡಿ. ಬಯಲು ಇರಬೇಕು. ಆರೋಗ್ಯ ಇರಬೇಕು. ದಾರಿ ಇರಬೇಕು. ನಮ್ಮ ಊರುಗಳ ಓಣಿಯಲ್ಲಿ ಈ ಮೂರೂ ಒಟ್ಟಿಗೆ ಎಷ್ಟು ಜನಕ್ಕೆ ಇದೆ?

ಈಗ ಯಾರೂ ಕೇಳದ ಪ್ರಶ್ನೆಗೆ ಬರ್ತೀನಿ. ಪುಡಿಯನ್ನ ಗಾಳಿಗೆ ಏರಿಸೋದು ಹೇಗೆ? ಗೋಡೆಗೆ ಬಳಿಯೋ ಸುಣ್ಣದ ಪುಡಿಯನ್ನ ಬೀದಿಯಲ್ಲಿ ಎಸೆದರೆ ಅಲ್ಲೇ ಬೀಳುತ್ತೆ. ಸಿಎಸ್ ಕೂಡ ಹಾಗೇ. ಅದನ್ನ ಹೊತ್ತುಕೊಂಡು ಹೋಗೋಕೆ ಒಂದು ವಾಹನ ಬೇಕು. ಆ ವಾಹನ ಮೂರು ಥರ. ಒಂದು, ಸುಡುವ ಮದ್ದು. ಪುಡಿಯನ್ನ ಸಕ್ಕರೆಯಂಥ ಇಂಧನ, ಕ್ಲೋರೇಟ್‌ನಂಥ ಮದ್ದಿನ ಜೊತೆ ಬೆರೆಸಿ ಹೊತ್ತಿಸ್ತಾರೆ. ಬಿಸಿಗೆ ಸಿಎಸ್ ಆವಿಯಾಗಿ, ಹೊರಗಿನ ಗಾಳಿ ತಾಗಿ, ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳಾಗಿ ತೇಲುತ್ತೆ. ಎರಡು, ಬರೀ ಧೂಳು. ಪುಡಿಯನ್ನ ನುಣ್ಣಗೆ ಅರೆದು ಸಿಡಿಸೋದು. ಮೂರು, ದ್ರಾವಕ. ಪುಡಿಯನ್ನ ಒಂದು ರಾಸಾಯನಿಕ ದ್ರವದಲ್ಲಿ ಕರಗಿಸಿ ಸ್ಪ್ರೇ ಮಾಡೋದು. ದ್ರಾವಕ ಅಂದ್ರೆ ಶಾಲೆಯಲ್ಲಿ ಓದಿದ್ದೀರಲ್ಲ, ಕರಗಿಸಿಕೊಳ್ಳೋ ದ್ರವ. ಪೇಂಟರ್‌ಗಳ ಬಾಯಲ್ಲಿ ಥಿನ್ನರ್, ಫ್ಯಾಕ್ಟರಿಯಲ್ಲಿ ಸಾಲ್ವೆಂಟ್.

ಎಲ್ಲರ ಗಮನ ಪುಡಿಯ ಮೇಲೆ. ವಾಹನದ ಮೇಲೆ ಯಾರ ಗಮನವೂ ಇಲ್ಲ. ಸೀಮೆಎಣ್ಣೆ ಡಬ್ಬಿಯಲ್ಲಿ ನೀರು ತಂದುಕೊಟ್ಟರೆ ನೀವು ನೀರಿನ ಬಗ್ಗೆ ಮಾತ್ರ ಕೇಳ್ತೀರಾ? ಡಬ್ಬಿಯ ಬಗ್ಗೆ ಕೇಳಲ್ವಾ?

ದ್ರಾವಕದ ಎರಡು ಉದಾಹರಣೆ ಕೊಡ್ತೀನಿ. ಮೊದಲನೆಯದು ಡೈಕ್ಲೋರೋಮೀಥೇನ್. ಹಳೆ ಪೇಂಟ್ ಕಿತ್ತು ತೆಗೆಯೋ ದ್ರವಗಳಲ್ಲಿ ದಶಕಗಳ ಕಾಲ ಬಳಸಿದ್ದು ಇದನ್ನೇ. ಇದು ಕುದಿಯೋದು ಸುಮಾರು 40 ಡಿಗ್ರಿಗೆ. ನಲವತ್ತು! ಬಳ್ಳಾರಿಯಲ್ಲಿ ಏಪ್ರಿಲ್, ಮೇ ತಿಂಗಳ ಬಿಸಿಲು ದಾಟೋ ಗಡಿ ಅದು. ಅಂದ್ರೆ ಬೇರೆ ಊರಲ್ಲಿ ನಿಧಾನಕ್ಕೆ ಆವಿಯಾಗೋ ದ್ರವ ನಮ್ಮೂರ ಮಧ್ಯಾಹ್ನದಲ್ಲಿ ಒಲೆಯೇ ಇಲ್ಲದೆ ಕುದೀಬಹುದು. ಇದರ ಆವಿ ಗಾಳಿಗಿಂತ ಸುಮಾರು ಮೂರು ಪಟ್ಟು ಭಾರ. ಗಾಳಿಯಾಡದ ಕೋಣೆಯಲ್ಲಿ ಅದು ನೆಲದ ಮಟ್ಟದಲ್ಲಿ ಕೂರುತ್ತೆ. ನಮ್ಮ ಮನೆಗಳಲ್ಲಿ ನೆಲದ ಮೇಲೆ ಚಾಪೆ ಹಾಸಿ ಮಲಗೋರು ಯಾರು ಅಂತ ನಾನು ಹೇಳಬೇಕಿಲ್ಲ.

ಉಸಿರಲ್ಲಿ ಒಳಗೆ ಹೋದಮೇಲೆ ಇದು ಮಾಡೋ ಕೆಲಸ ಇನ್ನೂ ವಿಚಿತ್ರ. ತಲೆ ಸುತ್ತು, ಮಂಪರು, ವಾಕರಿಕೆ ಇದ್ದದ್ದೇ. ಅದರ ಜೊತೆಗೆ ನಮ್ಮ ಯಕೃತ್ತು ಇದನ್ನ ಒಡೆಯುವಾಗ ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತೆ. ಗೀಸರ್ ಹಾಕಿ ಬಾತ್‌ರೂಮ್ ಬಾಗಿಲು ಹಾಕಿಕೊಂಡವರು ಸತ್ತ ಸುದ್ದಿ ಕೇಳ್ತೀರಲ್ಲ, ಅದೇ ಮಾನಾಕ್ಸೈಡ್. ಅದು ಹೊರಗಿನ ಹೊಗೆಯಿಂದ ಬರುತ್ತೆ, ಇದು ದೇಹದ ಒಳಗೇ ತಯಾರಾಗುತ್ತೆ. ರಕ್ತದಲ್ಲಿ ಆಮ್ಲಜನಕದ ಜಾಗವನ್ನ ಅದು ಹಿಡಿದುಬಿಡುತ್ತೆ. ಕೊಬ್ಬಿನಲ್ಲಿ ಸೇರಿಕೊಂಡ ದ್ರಾವಕ ನಿಧಾನಕ್ಕೆ ಹೊರಬರೋದರಿಂದ ಶುದ್ಧ ಗಾಳಿಗೆ ಬಂದಮೇಲೂ ಗಂಟೆಗಟ್ಟಲೆ ಈ ಕೆಲಸ ನಡೀತಾನೇ ಇರುತ್ತೆ. ಹೃದ್ರೋಗ ಇರೋರಿಗೆ ಇದು ನೇರ ಅಪಾಯ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಇದನ್ನ ‘ಬಹುಶಃ ಕ್ಯಾನ್ಸರ್‌ಕಾರಕ’ ಪಟ್ಟಿಗೆ ಸೇರಿಸಿದೆ. ಅಮೆರಿಕದ ಪರಿಸರ ಸಂಸ್ಥೆ 2024ರಲ್ಲಿ ಇದರ ಬಹುತೇಕ ಬಳಕೆಗಳನ್ನ ನಿಷೇಧಿಸಿತು.

ಇದೇ ದ್ರಾವಕವನ್ನ 1993ರ ಏಪ್ರಿಲ್ 19ರಂದು ಅಮೆರಿಕದ ಟೆಕ್ಸಾಸ್‌ನ ವೇಕೋದಲ್ಲಿ ಸಿಎಸ್ ಜೊತೆ ಬಳಸಿದರು. ಒಂದು ಪಂಥದವರು ಮಕ್ಕಳನ್ನೂ ಇಟ್ಟುಕೊಂಡು ಕಟ್ಟಡದೊಳಗೆ ಸೇರಿದ್ದರು. ಎಫ್‌ಬಿಐ ಗಂಟೆಗಟ್ಟಲೆ ಒಳಗೆ ಅಶ್ರುವಾಯು ತುಂಬಿತು. ಆಮೇಲೆ ಕಟ್ಟಡಕ್ಕೆ ಬೆಂಕಿ ಬಿತ್ತು, 76 ಜನ ಸತ್ತರು. ಬೆಂಕಿ ಹೊತ್ತಿದ್ದು ಒಳಗಿನವರಿಂದಲೇ ಅಂತ ತನಿಖೆ ಹೇಳಿತು. ಆದರೆ ಮುಚ್ಚಿದ ಕಟ್ಟಡದೊಳಗೆ, ಮಕ್ಕಳಿರುವ ಕಡೆ, ಪುಡಿಯ ಜೊತೆ ಎಷ್ಟು ದ್ರಾವಕ ಹೋಯ್ತು, ಅದರಿಂದ ಏನಾಯ್ತು ಅನ್ನೋ ವಾದ ವರ್ಷಗಟ್ಟಲೆ ನಡೀತು. ಅಲ್ಲಿಯವರೆಗೆ ಎಲ್ಲರೂ ಸಿಎಸ್ ಬಗ್ಗೆ ಮಾತಾಡ್ತಿದ್ದರು. ವಾಹನದ ಬಗ್ಗೆ ಪ್ರಶ್ನೆ ಜೋರಾಗಿ ಎದ್ದಿದ್ದು ಅಲ್ಲಿ.

ಎರಡನೆಯದು ಮೀಥೈಲ್ ಐಸೋಬ್ಯುಟೈಲ್ ಕೀಟೋನ್. ಉದ್ದ ಹೆಸರು, ಬಿಡಿ. ಪೇಂಟ್, ವಾರ್ನಿಷ್‌ಗಳಲ್ಲಿ ಬಳಸೋ ಇನ್ನೊಂದು ದ್ರಾವಕ. 1996ರಿಂದ ಬ್ರಿಟನ್ ಪೊಲೀಸರ ಸೊಂಟದಲ್ಲಿದ್ದ ಸ್ಪ್ರೇ ಡಬ್ಬಿಯಲ್ಲಿ ಸಿಎಸ್ ಇದ್ದದ್ದು ಶೇಕಡಾ 5. ಉಳಿದಿದ್ದು ಬಹುಪಾಲು ಈ ದ್ರಾವಕ. ಅಂದ್ರೆ ಮುಖಕ್ಕೆ ಬೀಳೋದು ಒಂದು ಪಾಲು ಅಶ್ರುವಾಯು, ಹತ್ತೊಂಬತ್ತು ಪಾಲು ಥಿನ್ನರ್ ಜಾತಿಯ ದ್ರವ! ಚರ್ಮ ಕೆಂಪಾಗಿ ಗುಳ್ಳೆ ಏಳೋದು, ಕಣ್ಣಿನ ಪೊರೆ ಕೆರಳೋದು ಬರೀ ಪುಡಿಯಿಂದಲಾ, ಈ ದ್ರವದಿಂದಲೂನಾ ಅನ್ನೋ ಪ್ರಶ್ನೆ ಎದ್ದಿತು. ಅಲ್ಲಿನ ಸರ್ಕಾರ ತಜ್ಞರ ಸಮಿತಿಗಳನ್ನ ಕೂರಿಸಿ ಪುಡಿ ಮತ್ತು ದ್ರಾವಕ ಎರಡನ್ನೂ ಒಟ್ಟಿಗೆ ಪರಿಶೀಲಿಸಿತು. 1999ರಲ್ಲಿ ಆ ವರದಿ ಜನರ ಮುಂದೆ ಬಂತು. ಜೊತೆಗೆ ಈ ದ್ರಾವಕ ಬೆಂಕಿಗೆ ಬೇಗ ಹೊತ್ತಿಕೊಳ್ಳೋ ಜಾತಿ. ಒಲೆ, ಬೀಡಿ, ಕರೆಂಟ್ ಕಿಡಿ ಯಾವುದೂ ಹತ್ತಿರ ಇರಬಾರದು.

‘ಸರಿ ಸಾರ್, ಅಮೆರಿಕ, ಬ್ರಿಟನ್ ಕಥೆ ಹೇಳಿದಿರಿ. ನಮ್ಮ ಪೊಲೀಸರ ಶೆಲ್‌ನಲ್ಲಿ ಏನಿದೆ?’ ಅಂತ ನೀವು ಕೇಳ್ತೀರಿ. ಕೇಳಲೇಬೇಕು. ನಮ್ಮ ದೇಶದಲ್ಲಿ ಇದನ್ನ ತಯಾರಿಸೋ ಮುಖ್ಯ ಜಾಗ ಮಧ್ಯಪ್ರದೇಶದ ಗ್ವಾಲಿಯರ್ ಹತ್ತಿರದ ಟೇಕನ್‌ಪುರ. ಗಡಿ ಭದ್ರತಾ ಪಡೆಯ ಅಕಾಡೆಮಿಯಲ್ಲಿ 1976ರಲ್ಲಿ ಶುರುವಾದ ಟಿಯರ್ ಸ್ಮೋಕ್ ಯೂನಿಟ್. ಹೆಸರು ಗಮನಿಸಿ. ಅವರು ‘ಗ್ಯಾಸ್’ ಅನ್ನಲ್ಲ, ‘ಸ್ಮೋಕ್’ ಅಂತಾರೆ. ತಯಾರಿಸೋರಿಗೆ ಗೊತ್ತು, ಇದು ಹೊಗೆ ಅಂತ. ರಾಜ್ಯದ ಪೊಲೀಸರು ಬಂದೂಕಿನಿಂದ ಹಾರಿಸೋ ಶೆಲ್, ಕೈಯಿಂದ ಎಸೆಯೋ ಗ್ರೆನೇಡ್ ಹೆಚ್ಚಾಗಿ ಸುಡುವ ಜಾತಿಯವು. ಅಲ್ಲಿ ವಾಹನ ದ್ರಾವಕ ಅಲ್ಲ, ಬೆಂಕಿ. ಆದರೆ ಬೆಂಕಿಯೂ ಸುಮ್ಮನೆ ಬಿಡೋದಿಲ್ಲ. ಆ ಬಿಸಿಗೆ ಸಿಎಸ್‌ನ ಸ್ವಲ್ಪ ಭಾಗ ಒಡೆದು ಬೇರೆ ಬೇರೆ ಆವಿಗಳಾಗುತ್ತೆ. ಹೈಡ್ರೋಜನ್ ಕ್ಲೋರೈಡ್, ಅತಿ ಸಣ್ಣ ಪ್ರಮಾಣದಲ್ಲಿ ಹೈಡ್ರೋಜನ್ ಸೈನೈಡ್ ಕೂಡ ಅದರಲ್ಲಿ ಸೇರಬಹುದು ಅಂತ ಪ್ರಯೋಗಾಲಯದ ಪರೀಕ್ಷೆಗಳು ತೋರಿಸಿವೆ. ಬಯಲಲ್ಲಿ ಇವು ಚದುರಿ ಹೋಗುತ್ತವೆ. ಕೋಣೆಯಲ್ಲಿ ಚದುರೋದಿಲ್ಲ.

ಹಾಗಾದ್ರೆ ದ್ರಾವಕ ನಮಗೆ ಸಂಬಂಧ ಇಲ್ವಾ? ಇದೆ. ಕೈಯಲ್ಲಿ ಹಿಡಿಯೋ ಸ್ಪ್ರೇ ಪೊಲೀಸರ ಹತ್ತಿರ ಮಾತ್ರ ಅಲ್ಲ, ನಿಮ್ಮ ಮಗಳ ವ್ಯಾನಿಟಿ ಬ್ಯಾಗಲ್ಲೂ ಇರಬಹುದು. ಪೆಪ್ಪರ್ ಸ್ಪ್ರೇ. ಅದರಲ್ಲಿರೋ ಮೆಣಸಿನ ಸತ್ವವನ್ನ ಆಲ್ಕೋಹಾಲ್ ಥರದ ದ್ರಾವಕದಲ್ಲಿ ಕರಗಿಸಿ, ಒತ್ತಡದ ಅನಿಲ ತುಂಬಿರ್ತಾರೆ. ಆತ್ಮರಕ್ಷಣೆಗೆ ಇಟ್ಟುಕೊಳ್ಳಲಿ, ಬೇಡ ಅನ್ನಲ್ಲ. ಆದರೆ ಬಸ್ಸಿನೊಳಗೆ, ಕ್ಲಾಸ್‌ರೂಮಿನಲ್ಲಿ, ಅಡುಗೆಮನೆಯಲ್ಲಿ ಅದು ಆಟದ ವಸ್ತು ಅಲ್ಲ. ಮತ್ತೆ ಬಳ್ಳಾರಿಯ ಬಿಸಿಲಲ್ಲಿ ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಒತ್ತಡದ ಡಬ್ಬಿ ಇಡೋದು ಅಂದ್ರೆ ಸಿಡಿಮದ್ದು ಇಟ್ಟ ಹಾಗೆ.

ಈಗ ಒಂದು ಸಣ್ಣ ಲೆಕ್ಕ ಮಾಡೋಣ. ಹತ್ತಡಿ ಉದ್ದ, ಹತ್ತಡಿ ಅಗಲ, ಹತ್ತಡಿ ಎತ್ತರದ ಒಂದು ಕೋಣೆ. ಅದರಲ್ಲಿ ಸುಮಾರು 28 ಘನ ಮೀಟರ್ ಗಾಳಿ ಇರುತ್ತೆ. ಸಿಎಸ್ ಒಂದು ಘನ ಮೀಟರ್‌ಗೆ 2 ಮಿಲಿಗ್ರಾಂ ಮುಟ್ಟಿದರೆ ಆ ಜಾಗ ‘ಜೀವ ಮತ್ತು ಆರೋಗ್ಯಕ್ಕೆ ತಕ್ಷಣದ ಅಪಾಯ’ ಅಂತ ಅಮೆರಿಕದ ಔದ್ಯೋಗಿಕ ಸುರಕ್ಷತಾ ಸಂಸ್ಥೆ ಮಿತಿ ಹಾಕಿದೆ. ಅಂದ್ರೆ ಆ ಕೋಣೆಗೆ 56 ಮಿಲಿಗ್ರಾಂ ಸಾಕು. ಒಂದು ಶೆಲ್‌ನಲ್ಲಿ ಸಿಎಸ್ ಇರೋದು ಮಿಲಿಗ್ರಾಂ ಲೆಕ್ಕದಲ್ಲಿ ಅಲ್ಲ, ಗ್ರಾಂ ಲೆಕ್ಕದಲ್ಲಿ. ಅದರಲ್ಲಿ ಬರೀ ಒಂದು ಗ್ರಾಂ ಕಿಟಕಿಯಿಂದ ಒಳಗೆ ಬಂದು ಕೋಣೆ ತುಂಬಿತು ಅಂದುಕೊಳ್ಳಿ. ಮಿತಿಗಿಂತ ಸುಮಾರು 18 ಪಟ್ಟು! ಬೀದಿಯಲ್ಲಿ ಕಣ್ಣೀರು ತರಿಸೋ ವಸ್ತು ಮನೆಯೊಳಗೆ ಬೇರೆಯದೇ ವಸ್ತು. ಇಡೀ ವಿಷಯದ ತಿರುಳು ಇದೇ.

ಇದನ್ನ ಜಗತ್ತು ಕಷ್ಟಪಟ್ಟು ಕಲಿತಿದೆ. 1969ರ ಆಗಸ್ಟ್‌ನಲ್ಲಿ ಉತ್ತರ ಐರ್ಲೆಂಡಿನ ಡೆರಿ ಪಟ್ಟಣದ ಬಾಗ್‌ಸೈಡ್ ಅನ್ನೋ ಬಡವರ ಬಡಾವಣೆಯಲ್ಲಿ ಪೊಲೀಸರು ಎರಡು ದಿನ ಸಿಎಸ್ ಹಾರಿಸಿದರು. ಇಕ್ಕಟ್ಟಾದ ಓಣಿ, ಒತ್ತೊತ್ತು ಮನೆ, ಒಳಗೆ ಕೂಸುಗಳು, ಮುದುಕರು. ಗದ್ದಲ ಆದಮೇಲೆ ಬ್ರಿಟಿಷ್ ಸರ್ಕಾರ ಸರ್ ಹೆರಾಲ್ಡ್ ಹಿಮ್ಸ್‌ವರ್ತ್ ನೇತೃತ್ವದಲ್ಲಿ ಸಮಿತಿ ಮಾಡಿತು. 1971ರ ಅಂತಿಮ ವರದಿಯ ಸಾರ ಏನು ಗೊತ್ತಾ? ಇಂಥ ರಾಸಾಯನಿಕವನ್ನ ಆಯುಧದ ಥರ ನೋಡಬೇಡಿ, ಔಷಧದ ಥರ ನೋಡಿ. ಹೊಸ ಔಷಧವನ್ನ ಎಷ್ಟು ಕಟ್ಟುನಿಟ್ಟಾಗಿ ಪರೀಕ್ಷಿಸ್ತೀರೋ ಅಷ್ಟೇ ಕಟ್ಟುನಿಟ್ಟಾಗಿ ಇದನ್ನೂ ಪರೀಕ್ಷಿಸಿ. ಯಾಕಂದ್ರೆ ಇದು ಆರೋಗ್ಯವಂತನ ಮೇಲೂ ರೋಗಿಯ ಮೇಲೂ ಒಂದೇ ಸಲ ಬೀಳುತ್ತೆ. ಐವತ್ತು ವರ್ಷ ದಾಟಿತು. ಈ ಮಾತು ಇವತ್ತಿಗೂ ಹಳತಾಗಿಲ್ಲ.

2017ರಲ್ಲಿ ಪ್ರಕಟವಾದ ಒಂದು ಅಧ್ಯಯನ 11 ದೇಶಗಳ 31 ಸಂಶೋಧನೆಗಳನ್ನ ಒಟ್ಟು ಹಾಕಿ ನೋಡಿತು. ಅಶ್ರುವಾಯು, ಪೆಪ್ಪರ್ ಸ್ಪ್ರೇಗಳಂಥ ರಾಸಾಯನಿಕಗಳಿಂದ ತೊಂದರೆಗೊಳಗಾದ ಐದು ಸಾವಿರಕ್ಕೂ ಹೆಚ್ಚು ಜನರ ವಿವರ ಅದರಲ್ಲಿತ್ತು. ಇಬ್ಬರು ಸತ್ತಿದ್ದರು, 58 ಜನಕ್ಕೆ ಶಾಶ್ವತ ಅಂಗವೈಕಲ್ಯ ಆಗಿತ್ತು. ಹೆಚ್ಚಿನವು ಸಣ್ಣ ತೊಂದರೆಗಳೇ ಅನ್ನೋದನ್ನೂ ಅದೇ ಅಧ್ಯಯನ ಹೇಳುತ್ತೆ. ಇನ್ನೊಂದು ನೋಡಿ. ಅಮೆರಿಕದ ಸೈನ್ಯದಲ್ಲಿ ಹೊಸಬರಿಗೆ ಮುಖವಾಡದ ತರಬೇತಿ ಕೊಡುವಾಗ ಸಿಎಸ್ ತುಂಬಿದ ಕೋಣೆಗೆ ಕಳಿಸ್ತಾರೆ. ಅಂಥವರಲ್ಲಿ ನಂತರದ ದಿನಗಳಲ್ಲಿ ಉಸಿರಾಟದ ಕಾಯಿಲೆ ಬರೋ ಸಾಧ್ಯತೆ ಎರಡು ಪಟ್ಟಿಗಿಂತ ಹೆಚ್ಚಾಗಿದ್ದು 2012ರ ಒಂದು ಪರಿಶೀಲನೆಯಲ್ಲಿ ಕಂಡುಬಂತು. ಅವರು ಆಯ್ದು ತೆಗೆದ ಗಟ್ಟಿ ಯುವಕರು. ಕೋಣೆಯಲ್ಲಿದ್ದದ್ದು ಕೆಲವೇ ನಿಮಿಷ.

ಈಗ ಬಳ್ಳಾರಿಗೆ ವಾಪಸ್ ಬನ್ನಿ. ಇಲ್ಲಿಯ ಎದೆಗಳು ಮೊದಲೇ ಖಾಲಿ ಇಲ್ಲ. ಅದಿರಿನ ಧೂಳು, ಸ್ಪಾಂಜ್ ಐರನ್ ಕಾರ್ಖಾನೆಗಳ ಹೊಗೆ, ಲಾರಿಗಳ ಹೊಗೆ. ಜೀನ್ಸ್ ಘಟಕಗಳಲ್ಲಿ ಬಟ್ಟೆಯ ನಾರು, ಬಣ್ಣ, ಬ್ಲೀಚಿನ ವಾಸನೆ. ಪೇಂಟ್, ವೆಲ್ಡಿಂಗ್, ಗ್ಯಾರೇಜ್ ಕೆಲಸದವರಿಗೆ ಥಿನ್ನರ್ ದಿನನಿತ್ಯದ ಉಸಿರು. ಇಂಥ ಎದೆಯ ಮೇಲೆ ಅಶ್ರುವಾಯು ಬಂದು ಕೂರುತ್ತೆ. ಅಸ್ತಮಾ ಇರೋರಿಗೆ ಅದು ಬರೀ ಕಣ್ಣೀರಲ್ಲ, ಉಸಿರಿನ ಕೊಳವೆ ಮುಚ್ಚಿಕೊಳ್ಳೋ ದಾಳಿ. ಕೂಸುಗಳು ದೊಡ್ಡವರಿಗಿಂತ ವೇಗವಾಗಿ ಉಸಿರಾಡ್ತವೆ, ನೆಲಕ್ಕೆ ಹತ್ತಿರ ಇರ್ತವೆ, ತಾವಾಗೇ ಎದ್ದು ಓಡಲಾರವು. ಬಾಣಂತಿ, ಹಾಸಿಗೆ ಹಿಡಿದ ಮುದುಕರು, ಹೃದ್ರೋಗಿಗಳು, ಇವರಿಗೆಲ್ಲ ‘ಚದುರಿ’ ಅಂದರೆ ಎಲ್ಲಿಗೆ ಚದುರೋದು?

ಇನ್ನೊಬ್ಬರನ್ನ ಮರೀಬೇಡಿ. ಪೊಲೀಸ್ ಪೇದೆ. ಶೆಲ್ ಹಾರಿಸಿದವನು ಅದೇ ಬೀದಿಯಲ್ಲಿ ನಿಂತಿರ್ತಾನೆ. ಗಾಳಿ ತಿರುಗಿತು ಅಂದ್ರೆ ಮೊದಲ ಉಸಿರು ಅವನದ್ದೇ. ಎಷ್ಟೋ ಗಲಭೆಗಳ ದೃಶ್ಯಗಳಲ್ಲಿ ನೋಡಿದ್ದೀನಿ, ಕರ್ಚೀಫು ಕಟ್ಟಿಕೊಂಡು ನಿಂತಿರ್ತಾರೆ. ಕರ್ಚೀಫು ಪುಡಿಯನ್ನ ಸ್ವಲ್ಪ ತಡೆಯಬಹುದು, ಆವಿಯನ್ನ ತಡೆಯಲ್ಲ. ಆ ಪೇದೆ ಅದೇ ಸಮವಸ್ತ್ರದಲ್ಲಿ ಮನೆಗೆ ಹೋಗಿ ಮಗುವನ್ನ ಎತ್ತಿಕೊಂಡರೆ ಪುಡಿ ಮಗುವಿನ ಮೈಗೂ ಹತ್ತಿತು.

ಹಾಗಾದ್ರೆ ಏನು ಮಾಡಬೇಕು? ನಿಮ್ಮ ಬೀದಿಯಲ್ಲಿ ಅಶ್ರುವಾಯು ಸಿಡಿದರೆ ಮೊದಲು ಗಾಳಿ ಯಾವ ಕಡೆಯಿಂದ ಬೀಸ್ತಿದೆ ನೋಡಿ, ಆ ಕಡೆಗೆ, ಎತ್ತರದ ಜಾಗಕ್ಕೆ ಹೋಗಿ. ಬಿದ್ದ ಶೆಲ್ಲನ್ನ ಕೈಯಲ್ಲಿ ಎತ್ತಬೇಡಿ, ಅದು ಕೆಂಡ. ಮನೆಯೊಳಗಿದ್ದರೆ ಬಾಗಿಲು, ಕಿಟಕಿ ಮುಚ್ಚಿ, ಸಂದಿಗೆ ಒದ್ದೆ ಬಟ್ಟೆ ಇಡಿ. ಮುಖ್ಯವಾಗಿ ಏರ್‌ಕೂಲರ್ ಆರಿಸಿ. ಬಳ್ಳಾರಿಯಲ್ಲಿ ಕೂಲರ್ ಇಲ್ಲದ ಮನೆ ಕಡಿಮೆ. ಅದು ಹೊರಗಿನ ಗಾಳಿಯನ್ನೇ ಎಳೆದು ಒಳಗೆ ಊದೋ ಯಂತ್ರ. ಹೊಗೆಯನ್ನ ನೀವೇ ಕರೆದು ಒಳಗೆ ಕೂರಿಸಿದ ಹಾಗೆ. ಶೆಲ್ ಅಥವಾ ಹೊಗೆ ಮನೆಯೊಳಗೇ ಬಂದುಬಿಟ್ಟರೆ ಲೆಕ್ಕ ಉಲ್ಟಾ. ಆಗ ಒಳಗೆ ಕೂರಬೇಡಿ, ಎಲ್ಲರನ್ನೂ ಕರೆದುಕೊಂಡು ಹೊರಗೆ ಶುದ್ಧ ಗಾಳಿಗೆ ಹೋಗಿ.

ಕಣ್ಣು ಉಜ್ಜಬೇಡಿ. ಲೆನ್ಸ್ ಹಾಕಿದ್ದರೆ ಕೈ ತೊಳೆದು ತೆಗೆಯಿರಿ. ಬರೀ ತಣ್ಣೀರಿನಲ್ಲಿ ಹತ್ತು ಹದಿನೈದು ನಿಮಿಷ ಕಣ್ಣು ತೊಳೆಯಿರಿ. ನೀರು ಬಿದ್ದಾಗ ಚರ್ಮ ಸ್ವಲ್ಪ ಹೊತ್ತು ಜಾಸ್ತಿ ಉರಿಯಬಹುದು, ಹೆದರಬೇಡಿ, ತೊಳೀತಾ ಇರಿ. ಬಟ್ಟೆ ಬದಲಿಸಿ. ತಲೆಯ ಮೇಲಿಂದ ಎಳೆದು ತೆಗೆಯೋ ಬಟ್ಟೆ ಆದ್ರೆ ಕತ್ತರಿಸಿ ತೆಗೆಯೋದೇ ಒಳ್ಳೇದು, ಇಲ್ಲಾಂದ್ರೆ ಪುಡಿಯೆಲ್ಲ ಮುಖಕ್ಕೆ ಉಜ್ಜಿಕೊಳ್ಳುತ್ತೆ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಿ. ಸೋಪು ಹಚ್ಚಿ ತಲೆಯಿಂದ ಸ್ನಾನ ಮಾಡಿ. ಟೂತ್‌ಪೇಸ್ಟ್, ನಿಂಬೆಹಣ್ಣು, ಈರುಳ್ಳಿ, ಹಾಲು, ಎಣ್ಣೆ, ಸೀಮೆಎಣ್ಣೆ ಯಾವುದೂ ಬೇಡ. ಪುಡಿ ಎಣ್ಣೆಗೆ ಅಂಟಿಕೊಳ್ಳುತ್ತೆ. ನಿಂಬೆರಸ ಉರಿಯುವ ಕಣ್ಣಿಗೆ ಇನ್ನೊಂದು ಉರಿ. ಇವೆಲ್ಲ ಮೊಬೈಲ್‌ನಲ್ಲಿ ಹರಿದಾಡೋ ವೈದ್ಯ.

ಮಾರನೇ ದಿನದ ಕೆಲಸ ಇನ್ನೂ ಮುಖ್ಯ. ಕಿಟಕಿ, ಬಾಗಿಲು ಎದುರುಬದುರು ತೆರೆದಿಡಿ. ಕಸಪೊರಕೆ ಹಿಡಿಯಬೇಡಿ! ಗುಡಿಸಿದರೆ ಕೂತ ಪುಡಿ ಮತ್ತೆ ಗಾಳಿಗೆ ಏಳುತ್ತೆ, ಮನೆಯೊಳಗೆ ಎರಡನೇ ಸಲ ಅಶ್ರುವಾಯು ಹಾರಿಸಿದ ಹಾಗೆ. ಸೋಪಿನ ನೀರಲ್ಲಿ ಒದ್ದೆ ಬಟ್ಟೆಯಿಂದ ಒರೆಸಿ. ಕೈಗೆ ಗ್ಲೌಸ್ ಹಾಕಿಕೊಳ್ಳಿ. ತೆರೆದಿಟ್ಟ ಅಡುಗೆ, ಹಣ್ಣು, ನೀರು ಚೆಲ್ಲಿ. ಹಾಸಿಗೆ, ದಿಂಬಿನ ಕವರು, ಪರದೆಗಳನ್ನ ಬೇರೆಯಾಗಿ ಒಗೆಯಿರಿ. ಕೂಲರಿನ ಹುಲ್ಲಿನ ಪ್ಯಾಡ್ ಬದಲಿಸಿ. ಕೂಸಿನ ಆಟದ ಸಾಮಾನು ತೊಳೆಯಿರಿ.

ಆಸ್ಪತ್ರೆಗೆ ಯಾವಾಗ? ಒಂದು ಗಂಟೆ ಆದರೂ ಉಸಿರಿಗೆ ಒದ್ದಾಟ, ಎದೆಯಲ್ಲಿ ಸಿಳ್ಳೆ, ಎದೆನೋವು, ಮಂಪರು, ಕಣ್ಣು ಮಂಜಾಗೋದು, ಚರ್ಮದ ಮೇಲೆ ಗುಳ್ಳೆ ಇದ್ದರೆ ಕಾಯಬೇಡಿ, 108ಕ್ಕೆ ಫೋನ್ ಮಾಡಿ. ಮುಚ್ಚಿದ ಕೋಣೆಯಲ್ಲಿ ಜಾಸ್ತಿ ಹೊಗೆ ಕುಡಿದವರಿಗೆ ಆಗ ಏನೂ ಅನ್ನಿಸದೆ ಇದ್ದರೂ, ಹನ್ನೆರಡು ಗಂಟೆ, ಒಂದು ದಿನ ಕಳೆದಮೇಲೆ ಶ್ವಾಸಕೋಶದಲ್ಲಿ ನೀರು ತುಂಬಿಕೊಳ್ಳಬಹುದು. ಹಾಗಾಗಿ ಒಂದು ದಿನ ಕಣ್ಣಿಟ್ಟಿರಿ. ಸಿರುಗುಪ್ಪ, ಕುರುಗೋಡಿನವರು ರೋಗಿ ಒದ್ದಾಡೋವರೆಗೆ ಕಾದು ಆಮೇಲೆ ಬಳ್ಳಾರಿಗೆ ಹೊರಡಬೇಡಿ, ಮೊದಲು ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲೇ ಆಮ್ಲಜನಕ ಕೊಡಿಸಿ. ವೈದ್ಯರಿಗೆ ‘ಅಶ್ರುವಾಯು’ ಅಂತ ಸ್ಪಷ್ಟವಾಗಿ ಹೇಳಿ. ಸ್ಪ್ರೇ ಆಗಿದ್ದರೆ ಡಬ್ಬಿಯ ಫೋಟೋ ತೋರಿಸಿ. ಯಾಕಂದ್ರೆ ಅದರಲ್ಲಿ ಯಾವ ದ್ರಾವಕ ಇತ್ತು ಅನ್ನೋದರ ಮೇಲೆ ಪರೀಕ್ಷೆ ಬದಲಾಗುತ್ತೆ.

ಇಲ್ಲಿಗೆ ಬಂದು ನಿಂತಾಗ ನನ್ನ ಪ್ರಶ್ನೆ ಶುರುವಾಗುತ್ತೆ. ವೈದ್ಯರಿಗೆ ಹೇಳೋಕೆ ನಮಗೆ ಗೊತ್ತಿರಬೇಕಲ್ಲ? ಅಶ್ರುವಾಯು ಸಿಡಿದ ಬೀದಿಯಲ್ಲಿ ಮಾರನೇ ದಿನ ಯಾರಾದರೂ ಬಂದು ‘ನಿನ್ನೆ ಇಷ್ಟು ಶೆಲ್ ಹಾರಿಸಿದ್ದೀವಿ, ಅದರಲ್ಲಿ ಇಂಥ ರಾಸಾಯನಿಕ ಇತ್ತು, ಮನೆ ಹೀಗೆ ತೊಳೆಯಿರಿ, ಈ ಲಕ್ಷಣ ಕಂಡರೆ ಆಸ್ಪತ್ರೆಗೆ ಬನ್ನಿ’ ಅಂತ ಹೇಳಿದ್ದನ್ನ ನೀವು ಕೇಳಿದ್ದೀರಾ? ಸೊಳ್ಳೆಗೆ ಫಾಗಿಂಗ್ ಮಾಡುವಾಗ ಮೈಕ್ ಹಿಡಿದು ಸಾರ್ತಾರೆ. ಕುಡಿಯೋ ನೀರು ಬಿಡೋದಿಲ್ಲ ಅಂದ್ರೆ ಸಾರ್ತಾರೆ. ಇದಕ್ಕೆ ಮಾತ್ರ ಮೌನ.

2024ರ ನವೆಂಬರ್‌ನಲ್ಲಿ ಬಳ್ಳಾರಿಯಲ್ಲಿ ಬಾಣಂತಿಯರು ಸಾಲಾಗಿ ಸತ್ತಾಗ ಇಡೀ ರಾಜ್ಯ ಒಂದೇ ಪ್ರಶ್ನೆ ಕೇಳಿತು: ಆ ಡ್ರಿಪ್ ಬಾಟಲಿಯಲ್ಲಿ ಏನಿತ್ತು? ಯಾವ ಬ್ಯಾಚು? ಯಾರು ಪರೀಕ್ಷೆ ಮಾಡಿದ್ದು? ನರದೊಳಗೆ ಹೋಗೋ ದ್ರವದ ಬಗ್ಗೆ ಕೇಳಿದ ಆ ಪ್ರಶ್ನೆಯನ್ನ ಉಸಿರೊಳಗೆ ಹೋಗೋ ಹೊಗೆಯ ಬಗ್ಗೆ ಕೇಳೋಕೆ ನಮಗೇನು ಅಡ್ಡಿ? ಹಿಮ್ಸ್‌ವರ್ತ್ ಸಮಿತಿ ಹೇಳಿದ್ದೂ ಅದನ್ನೇ ಅಲ್ವಾ, ಔಷಧದ ಥರ ನೋಡಿ ಅಂತ?

ಪೊಲೀಸರ ಪರವಾಗಿಯೂ ಒಂದು ಮಾತು ಹೇಳಲೇಬೇಕು. ಗುಂಪು ಹುಚ್ಚೆದ್ದಾಗ ಪೊಲೀಸರ ಕೈಯಲ್ಲಿ ಅಶ್ರುವಾಯು ಇಲ್ಲ ಅಂದ್ರೆ ಉಳಿಯೋದು ಲಾಠಿ, ಆಮೇಲೆ ಬಂದೂಕು. 2019ರ ಡಿಸೆಂಬರ್ 19ರಂದು ಮಂಗಳೂರಿನಲ್ಲಿ ಲಾಠಿ, ಅಶ್ರುವಾಯು, ಗುಂಡು ಮೂರೂ ನೋಡಿದ್ದೀವಿ, ಗುಂಡಿಗೆ ಇಬ್ಬರು ಸತ್ತರು. ಹಾಗಾಗಿ ಅಶ್ರುವಾಯು ನಿಷೇಧಿಸಿ ಅಂತ ನಾನು ಹೇಳ್ತಿಲ್ಲ. ಆದರೆ ಒಂದು ವಿಚಿತ್ರ ಗಮನಿಸಿ. 1993ರ ರಾಸಾಯನಿಕ ಅಸ್ತ್ರ ಒಪ್ಪಂದದ ಪ್ರಕಾರ ಯುದ್ಧದಲ್ಲಿ ಶತ್ರು ಸೈನಿಕನ ಮೇಲೆ ಅಶ್ರುವಾಯು ಬಳಸುವಂತಿಲ್ಲ. ಭಾರತವೂ ಅದಕ್ಕೆ ಸಹಿ ಹಾಕಿದೆ. ಸ್ವಂತ ಊರಿನ ಗಲಾಟೆ ನಿಯಂತ್ರಣಕ್ಕೆ ಬಳಸಬಹುದು. ಶತ್ರುವಿಗೆ ಇಲ್ಲದ್ದು ನಮ್ಮವರ ಮೇಲೆ ಸಲ್ಲುತ್ತೆ ಅಂದಮೇಲೆ, ನಮ್ಮವರಿಗೆ ಅದರ ಬಗ್ಗೆ ಹೇಳೋ ಜವಾಬ್ದಾರಿಯೂ ಇರಬೇಕು ತಾನೆ?

ಕೇಳ್ತಿರೋದು ದೊಡ್ಡದೇನಲ್ಲ. ಒಂದು, ಮನೆ, ಶಾಲೆ, ಆಸ್ಪತ್ರೆಯಂಥ ಮುಚ್ಚಿದ ಜಾಗಕ್ಕೆ ಶೆಲ್ ಬೀಳದ ಹಾಗೆ ನೋಡಿಕೊಳ್ಳಿ. ಎರಡು, ಅವಧಿ ಮುಗಿದ ಶೆಲ್, ಸ್ಪ್ರೇ ಬಳಸಬೇಡಿ, ಬಳಸಿದ್ದರ ಬ್ಯಾಚ್ ದಾಖಲೆ ಇಡಿ. ಮೂರು, ಪೇದೆಗಳಿಗೆ ಸರಿಯಾದ ಮುಖವಾಡ, ಠಾಣೆಯಲ್ಲೇ ಬಟ್ಟೆ ಬದಲಿಸಿ ಸ್ನಾನ ಮಾಡೋ ವ್ಯವಸ್ಥೆ ಕೊಡಿ. ನಾಲ್ಕು, ಪುಡಿ ಯಾವುದು, ದ್ರಾವಕ ಯಾವುದು ಅನ್ನೋ ಮಾಹಿತಿಯನ್ನ ಜಿಲ್ಲೆಯ ಸರ್ಕಾರಿ ಆಸ್ಪತ್ರೆಗಳಿಗೆ ಮೊದಲೇ ಕೊಟ್ಟಿಡಿ. ಐದು, ಮಾರನೇ ದಿನ ಬೆಳಗ್ಗೆ ಆ ಬೀದಿಗೆ ಒಬ್ಬ ಆಶಾ ಕಾರ್ಯಕರ್ತೆಯನ್ನ ಕಳಿಸಿ, ಅರ್ಧ ಪುಟದ ಕನ್ನಡದ ಕರಪತ್ರ ಹಂಚಿ. ತೆಲುಗು, ಉರ್ದುವಿನಲ್ಲೂ ಇರಲಿ, ಇದು ಬಳ್ಳಾರಿ.

ಅರ್ಧ ಪುಟ. ಅಷ್ಟೇ. ಒಂದು ಶೆಲ್‌ನ ಬೆಲೆಯಲ್ಲಿ ಇಡೀ ಓಣಿಗೆ ಹಂಚುವಷ್ಟು ಕರಪತ್ರ ಅಚ್ಚಾಗುತ್ತೆ. ಅದನ್ನ ಹಂಚೋವರೆಗೆ, ನೀವು ಮಾತ್ರ ಪೊರಕೆ ಬಿಟ್ಟು ಒದ್ದೆ ಬಟ್ಟೆ ಹಿಡಿಯಿರಿ.